ಹದಿಮೂರು ಪಾಯಿಂಟ್ ಆರು

ಒಂದು ಲೀಟರ್ ನೀರಿಗೆ ಆರು ಪಾಯಿಂಟ್ ಮೂರು ಗ್ರಾಂ ಆಕ್ಸಾಲಿಕ್ ಆಸಿಡ್. ಈ ತೂಕವನ್ನು ನಾನು ಇಪ್ಪತ್ತು ವರ್ಷಕ್ಕೂ ಮೇಲೆ ತೂಗಿದೆ. ಆರು ಪಾಯಿಂಟ್ ಮೂರೇ ಯಾಕೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ಆಮೇಲೆ ಕೇಳಲಿಲ್ಲ. ಹಾಗೆ ಕೇಳದೆ ತೂಗಿದ ತೂಕದಿಂದಲೂ, ಅದನ್ನು ಮುಚ್ಚಿಡಲು ಆಡಿದ ಸುಳ್ಳಿನಿಂದಲೂ ತಬಸ್ಸುಮ್ ಎಂಬ ಒಬ್ಬ ಹುಡುಗಿಯ ವಿಜ್ಞಾನದ ಓದು ನಿಂತುಹೋಯಿತು. ಕಾಲೇಜುಗಳ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೊಸದಾಗಿ ಅಟೆಂಡರಾಗಿ ಸೇರುವವರು ಈ ಕೆಲಸ ಹೇಗಿರುತ್ತದೆ ಎಂದು ನನ್ನಂಥವರನ್ನು ಕೇಳುವುದುಂಟು. ಹೇಗಿರುತ್ತದೆ ಎಂದು ಬರೆಯುತ್ತೇನೆ. ಆ ಹುಡುಗಿಯ ವಿಷಯ ಬಿಟ್ಟು ಬರೆದರೆ ಅದು ನನ್ನ ಕೆಲಸದ ಕಥೆಯಾಗುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ವಿಜ್ಞಾನದಲ್ಲಿ ಪಾಸಾದದ್ದೇ ಹೆಚ್ಚು. ಪಾಂಡವಪುರದಲ್ಲಿ ಕೆಲಸಕ್ಕೆ ಸೇರಿ, ಶ್ರೀರಂಗಪಟ್ಟಣ, ನಾಗಮಂಗಲದ ಕಡೆ, ಕೆ.ಆರ್. ಪೇಟೆ ಸುತ್ತಿಕೊಂಡು ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದು ನಿವೃತ್ತನಾದೆ. ಅಟೆಂಡರಾಗಿ ಸೇರಿದೆ, ಅಟೆಂಡರಾಗಿಯೇ ಹೊರಗೆ ಬಂದೆ. ಆ ಬಗ್ಗೆ ಹೇಳುವುದು ಏನೂ ಇಲ್ಲ.

ಪಾಂಡವಪುರದಲ್ಲಿ ನನಗೆ ಕೆಲಸ ಕಲಿಸಿದವರು ಪುಟ್ಟಸ್ವಾಮಣ್ಣ ಎಂಬ ಹಿರಿಯ ಅಟೆಂಡರು. ಅವರ ಎರಡು ಪ್ಯಾಂಟುಗಳಲ್ಲೂ ಮೊಣಕಾಲಿನ ಹತ್ತಿರ ಆಸಿಡ್ ಬಿದ್ದು ತೂತಾಗಿತ್ತು. ಬೀರುವಿನ ಬಾಗಿಲಿನ ಒಳಮೈಮೇಲೆ ಸೀಮೆಸುಣ್ಣದಲ್ಲಿ ಸಾಲಾಗಿ ಬರೆದುಕೊಂಡಿದ್ದರು: ಆಕ್ಸಾಲಿಕ್ 6.3, ಪರ್ಮಾಂಗನೇಟ್ 3.16, ಇನ್ನೂ ಹತ್ತಾರು. ವರ್ಷಕ್ಕೊಮ್ಮೆ ಸುಣ್ಣ ಮಾಸಿದಾಗ ಅದರ ಮೇಲೆಯೇ ತಿದ್ದುತ್ತಿದ್ದರು. ನಾನು ಸೇರಿದ ಮೊದಲ ವಾರದಲ್ಲಿ ಕೇಳಿದೆ:

"ಅಣ್ಣ, ಇದ್ಯಾಕೆ ಆರು ಪಾಯಿಂಟ್ ಮೂರು? ಏಳ್ ಯಾಕಲ್ಲ?"

"ನಿಮ್ಮವ್ವ ಸಾರಿಗೆ ಉಪ್ಪಾಕುವಾಗ ಯಾಕ್ ಇಷ್ಟೇ ಆಕ್ತೀಯ ಅಂತ ಕೇಳಿದ್ದೇನ್ಲಾ?"

"ಇಲ್ಲ."

"ಉಣ್ಣಾಕಿಲ್ವಾ? ಅಂಗೇ ಇದೂವೆ. ತೂಗ್ಲಾ ಸುಮ್ಕೆ. ಯಾಕೆ ಅನ್ನಾಕೆ ಲೆಕ್ಚರರ್ ಅವ್ರೆ, ಅವರ್ಗೆ ಸಂಬಳ ಕೊಡ್ತಾರೆ."

ಅವರು ಒಳ್ಳೆಯ ಮನುಷ್ಯ. ಆಸಿಡ್ಡಿಗೆ ನೀರು ಸುರಿಯಬಾರದು, ನೀರಿಗೆ ಆಸಿಡ್ ಸುರಿಯಬೇಕು, ಕೈ ತೊಳೆಯದೆ ಬೀಡಿ ಮುಟ್ಟಬಾರದು ಎನ್ನುವುದನ್ನೆಲ್ಲ ತಲೆಗೆ ಮೊಟಕಿ ಕಲಿಸಿದರು. ನನ್ನ ಕಣ್ಣು ಎರಡೂ ಈಗ ನೆಟ್ಟಗಿದ್ದರೆ ಅದು ಅವರ ಮೊಟಕಿನಿಂದ. ಆಗ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿತ್ತು. ಚಿಮಟದಲ್ಲಿ ಪುಟ್ಟ ಪುಟ್ಟ ಹಿತ್ತಾಳೆಯ ತೂಕದ ಬಟ್ಟುಗಳನ್ನು ಎತ್ತಿಟ್ಟು, ಮುಳ್ಳು ನಡುವೆ ನಿಲ್ಲುವವರೆಗೆ ಕಾಯಬೇಕು. "ಉಸುರು ಬುಡಬ್ಯಾಡ ಕಣ್ಲಾ, ಮುಳ್ಳು ಓಡಾಡ್ತದೆ" ಎನ್ನುತ್ತಿದ್ದರು. ಒಂದು ತೂಕಕ್ಕೆ ಅರ್ಧ ಗಂಟೆ. ನನಗೆ ಆ ಅರ್ಧ ಗಂಟೆ ಬಹಳ ಇಷ್ಟವಾಗಿತ್ತು. ಮುಂದೆ ಕರೆಂಟಿನ ತಕ್ಕಡಿ ಬಂತು. ಪುಡಿ ಸುರಿದರೆ ಕೆಂಪು ಅಂಕಿ ತಾನಾಗಿ ಓಡಿ ನಿಲ್ಲುತ್ತದೆ, ಒಂದು ನಿಮಿಷದ ಕೆಲಸ. ಉಳಿದ ಸಮಯದಲ್ಲಿ ಆ ಅಂಕಿ ಏನು ಹೇಳುತ್ತದೆ ಎಂದು ಯೋಚಿಸಬಹುದಿತ್ತು. ನಾನು ಟೀ ಕುಡಿಯಲು ಹೋಗುತ್ತಿದ್ದೆ.

ಶ್ರೀರಂಗಪಟ್ಟಣದಲ್ಲಿ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ. ಬಟ್ಟಿ ಇಳಿಸಿದ ಶುದ್ಧ ನೀರಿನ ಉಪಕರಣ ಕೆಟ್ಟುಹೋಗಿತ್ತು. ರಿಪೇರಿಯವನು ಬರುವವರೆಗೆ ಯಾರು ಕಾಯುತ್ತಾರೆ ಎಂದು ಬೋರಿನ ನೀರನ್ನೇ ಡಬ್ಬಕ್ಕೆ ತುಂಬಿಟ್ಟೆ. ಮಕ್ಕಳು ಲವಣಗಳನ್ನು ಆ ನೀರಿನಲ್ಲಿ ಕರಗಿಸಿ, ಅದಕ್ಕೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ನೋಡಬೇಕು. ಮೊಸರಿನಂತೆ ಬೆಳ್ಳಗಾದರೆ ಅದರಲ್ಲಿ ಕ್ಲೋರೈಡ್ ಇದೆ ಎಂದರ್ಥ. ಆ ದಿನ ಯಾವ ಲವಣ ಕೊಟ್ಟರೂ ಬೆಳ್ಳಗೆ. ನಲವತ್ತು ಮಕ್ಕಳೂ ಕ್ಲೋರೈಡ್, ಕ್ಲೋರೈಡ್ ಎಂದು ಬರೆದು ತಂದರು.

ಉಪನ್ಯಾಸಕರು ನನ್ನನ್ನು ಕರೆದರು. "ಏನಯ್ಯ ಶಿವಣ್ಣ, ಇಡೀ ಶ್ರೀರಂಗಪಟ್ಟಣವೇ ಉಪ್ಪಾಗಿಬಿಟ್ಟಿದೆಯಾ?"

"ಬೋರ್ ನೀರು ತುಂಬಿದೆ ಸಾರ್, ತಪ್ಪಾಯ್ತು" ಎಂದೆ.

ಬೈದರು, ನಕ್ಕರು, ಪ್ರಯೋಗವನ್ನು ಮರುದಿನಕ್ಕೆ ಹಾಕಿದರು. ಅಷ್ಟೇ. ನಿಜ ಹೇಳಿದ್ದಕ್ಕೆ ನನಗೆ ಹತ್ತು ನಿಮಿಷದ ಬೈಗುಳ ಬಿಟ್ಟರೆ ಇನ್ನೇನೂ ಆಗಲಿಲ್ಲ. ಆದರೂ ನಾಗಮಂಗಲದಲ್ಲಿ ನಾನು ಬೇರೆ ಮನುಷ್ಯನಾದೆ. ಯಾಕೆ ಎಂದು ಈಗಲೂ ಯೋಚಿಸುತ್ತಿರುತ್ತೇನೆ. ಅಲ್ಲಿದ್ದದ್ದು ಪರೀಕ್ಷೆ, ಮೊಹರು ಮಾಡಿದ ಕವರು, ಹೊರಗಿನ ಊರಿನ ಪರೀಕ್ಷಕರು. ಹೆದರಿಕೆಗೆ ಅಷ್ಟು ಸಾಕಾಯಿತೋ ಏನೋ.

ಸಿಲ್ವರ್ ನೈಟ್ರೇಟ್ ಎಂದೆನಲ್ಲ, ಅದು ಚರ್ಮಕ್ಕೆ ತಾಗಿದರೆ ಮರುದಿನ ಕಪ್ಪಾಗುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ನನ್ನ ನಾದಿನಿಯ ಮದುವೆಯಲ್ಲಿ ಹತ್ತೂ ಕಪ್ಪು ಬೆರಳಿನಿಂದ ಪಾಯಸ ಬಡಿಸಲು ಹೋದರೆ, ಒಂದು ಪಂಕ್ತಿಯವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಹೊಸಬರು ಕೈಗವಸು ಹಾಕಿಕೊಳ್ಳಿ.

ಈಗ ನಾಗಮಂಗಲದ ಕಡೆಯ ಮಾತು. ಕಾಲೇಜಿನ ಹೆಸರು ಬರೆಯುವುದಿಲ್ಲ; ತಪ್ಪು ನನ್ನದು, ಕಾಲೇಜಿನದಲ್ಲ.

ಟೈಟ್ರೇಶನ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಆಕ್ಸಾಲಿಕ್ ಆಸಿಡ್ಡಿನ ದ್ರಾವಣವನ್ನು ಹತ್ತು ಮಿಲಿಲೀಟರ್ ಅಳೆದು ಫ್ಲಾಸ್ಕಿಗೆ ಹಾಕಿ, ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಬೆರೆಸಿ ಬಿಸಿ ಮಾಡುತ್ತಾರೆ. ಮೇಲೆ ಉದ್ದನೆಯ ಗಾಜಿನ ಕೊಳವೆ, ಅದಕ್ಕೆ ಬ್ಯೂರೆಟ್ ಎಂದು ಹೆಸರು. ಅದರಲ್ಲಿ ನೇರಳೆ ಬಣ್ಣದ ಪರ್ಮಾಂಗನೇಟ್. ಅದನ್ನು ಹನಿಹನಿಯಾಗಿ ಫ್ಲಾಸ್ಕಿಗೆ ಬಿಡುತ್ತಾ ಹೋದರೆ ಬಣ್ಣ ಬಿದ್ದಹಾಗೆ ಮಾಯವಾಗುತ್ತದೆ. ಫ್ಲಾಸ್ಕಿನಲ್ಲಿರುವ ಆಕ್ಸಾಲಿಕ್ ಪೂರಾ ಮುಗಿದ ಕ್ಷಣ, ಒಂದೇ ಒಂದು ಹನಿಗೆ ನೀರೆಲ್ಲ ತಿಳಿ ಗುಲಾಬಿಯಾಗಿ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ, ಬ್ಯೂರೆಟಿನಿಂದ ಎಷ್ಟು ಇಳಿಯಿತು ಎಂದು ಓದಬೇಕು. ಆ ಓದಿನಿಂದ ಪರ್ಮಾಂಗನೇಟಿನ ಸಾರ ಎಷ್ಟು, ಅಂದರೆ ಮೊಲಾರಿಟಿ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಬೀರುವಿನ ಬಾಗಿಲಿನ ಅಂಕಿಗಳಂತೆ ತೂಗಿ ಮಾಡಿದರೆ ಓದು ಹತ್ತು ಬರುತ್ತದೆ. ಸರಿಯಾಗಿ ಹತ್ತು.

ವಾರ್ಷಿಕ ಪ್ರಾಯೋಗಿಕ ಪರೀಕ್ಷೆಯ ದಿನ ಆ ಹತ್ತನ್ನು ಮಕ್ಕಳ ಕಿವಿಗೆ ಹಾಕುವುದು ನಮ್ಮಂಥ ಅಟೆಂಡರುಗಳ ಒಂದು ರೂಢಿಯಾಗಿತ್ತು. ಅದಕ್ಕೆ ಯಾರೂ ಏನೂ ಕೊಡುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ನಮ್ಮ ಮಕ್ಕಳು ಪಾಸಾಗಲಿ ಎನ್ನುವ ಅಭಿಮಾನ. ನೀರಿನ ಬಾಟಲಿ ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಾ, ಪರೀಕ್ಷಕರಿಗೆ ಕೇಳುವ ಹಾಗೆಯೇ, "ಬ್ಯೂರೆಟ್ ಚೆನ್ನಾಗಿ ತೊಳ್ಕೊಳ್ರಪ್ಪ, ಹತ್ತು ಸಲ ತೊಳೀರಿ" ಎಂದರೆ ಮುಗಿಯಿತು. ಮಕ್ಕಳು ತಲೆ ಬಗ್ಗಿಸಿಕೊಂಡು ನಗುತ್ತಿದ್ದರು.

ತಬಸ್ಸುಮ್ ಗಫೂರ್ ಸಾಬರ ಮಗಳು. ಸಾಬರದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಂಚದಷ್ಟು ಅಗಲದ ವಾಚ್ ರಿಪೇರಿ ಅಂಗಡಿ. ಕಾಲೇಜು ಬಿಟ್ಟ ಮೇಲೆ ಈ ಹುಡುಗಿಯೂ ಅಲ್ಲಿ ಕೂತು, ಎಳ್ಳುಕಾಳಿಗಿಂತ ಚಿಕ್ಕ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಅಪ್ಪನಿಗೆ ಕೊಡುತ್ತಿದ್ದಳು. ಬ್ಯೂರೆಟನ್ನು ಕಣ್ಣಿನ ಮಟ್ಟಕ್ಕೆ ಬಗ್ಗಿ ಓದುತ್ತಿದ್ದವಳು ಇಡೀ ತರಗತಿಯಲ್ಲಿ ಅವಳೊಬ್ಬಳೇ. ಮಿಕ್ಕವರು ನಿಂತಲ್ಲಿಂದಲೇ ಇಣುಕುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಕೇಳಿದಳು:

"ಅಣ್ಣ, ನಿನ್ನೆ ಬಾಟ್ಲೂ ಇವತ್ತಿನ ಬಾಟ್ಲೂ ಒಂದೇನಾ?"

"ಯಾಕವ್ವ?"

"ಎರಡು ಹನಿ ಜಾಸ್ತಿ ಹಿಡೀತಾ ಐತೆ."

ನಿಜ, ಬೇರೆ ಬಾಟಲಿ. ಎರಡು ಹನಿ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನೀಶಿಯನ್ ಆಗಬೇಕು ಎನ್ನುತ್ತಿದ್ದಳು. ಆಗುತ್ತಾಳೆ ಎಂದು ನಮಗೆಲ್ಲ ಗೊತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ಸೂರು ಸೋರಿ ಆಕ್ಸಾಲಿಕ್ ಬಾಟಲಿಯೊಳಗೆ ನೀರು ಇಳಿದಿತ್ತು. ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ತೆಗೆದು ನೋಡಿದರೆ ಹರಳುಗಳೆಲ್ಲ ಅಂಟಿಕೊಂಡು ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿವೆ. ಒದ್ದೆ ಇರುವುದನ್ನು ತೂಗಿದರೆ ತೂಕ ತಪ್ಪಾಗುತ್ತದೆ ಎನ್ನುವಷ್ಟು ಬುದ್ಧಿ ನನಗಿತ್ತು. ಆದ್ದರಿಂದ ಕುಟ್ಟಿ, ಪಿಂಗಾಣಿ ಬಟ್ಟಲಿಗೆ ಹಾಕಿ, ಬಿಸಿ ತಟ್ಟೆಯ ಮೇಲಿಟ್ಟು, ಗಾಜಿನ ಕಡ್ಡಿಯಿಂದ ತಿರುವುತ್ತಾ ರವೆ ಹುರಿದ ಹಾಗೆ ಹುರಿದೆ. ಘಾಟಿಗೆ ನಾಲ್ಕು ಸಲ ಸೀನು ಬಂತು. ಸಕ್ಕರೆಯಂತೆ ಹೊಳೆಯುತ್ತಿದ್ದ ಹರಳು ಮೈದಾ ಹಿಟ್ಟಿನಂತೆ ಬಿಳಿ ಪುಡಿಯಾಯಿತು. ಎಷ್ಟು ಚೆನ್ನಾಗಿ ಒಣಗಿತಲ್ಲ ಎಂದು ನನಗೆ ನನ್ನ ಮೇಲೆಯೇ ಮೆಚ್ಚುಗೆ. ಅದರಲ್ಲಿ ಲೀಟರಿಗೆ ಆರು ಪಾಯಿಂಟ್ ಮೂರು ಗ್ರಾಂ ತೂಗಿ ದ್ರಾವಣ ಮಾಡಿದೆ.

"ಒಂದ್ಸಲ ಟೈಟ್ರೇಟ್ ಮಾಡಿ ನೋಡಿದೆಯಾ ಶಿವಣ್ಣ?" ಎಂದು ಉಪನ್ಯಾಸಕರು ಕೇಳಿದರು.

"ಆಗಿದೆ ಸಾರ್, ಹತ್ತು" ಎಂದೆ. ಮಾಡಿರಲಿಲ್ಲ. ಯಾವತ್ತೂ ಹತ್ತೇ ಬರುವಾಗ ಯಾಕೆ ಮಾಡಬೇಕು? ಅವರು ಅದನ್ನೇ ಚೀಟಿಯಲ್ಲಿ ಬರೆದು ಪರೀಕ್ಷಕರಿಗೆ ಕೊಟ್ಟರು.

ಪರೀಕ್ಷೆಯ ದಿನ ಇಪ್ಪತ್ತು ಮಕ್ಕಳ ಗುಂಪು. ನೀರಿನ ಬಾಟಲಿ ಹಿಡಿದು ನನ್ನ ಮಂತ್ರ ಹೇಳುತ್ತಾ ಬಂದೆ. ತಬಸ್ಸುಮ್ ಮೇಜಿನ ಹತ್ತಿರ ಬಂದಾಗ ಅವಳು ಬ್ಯೂರೆಟಿನಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು:

"ಹತ್ತಕ್ಕೆ ನಿಲ್ತಿಲ್ಲ ಅಣ್ಣ. ಹದಿಮೂರು ಪಾಯಿಂಟ್ ಆರು. ಮೂರು ಸಲಾನೂ ಅಷ್ಟೇ."

"ತಲೆಹರಟೆ ಬ್ಯಾಡ ಕಣವ್ವ. ಎಲ್ರುದೂ ಹತ್ತು. ಹತ್ತು ಅಂತ ಬರಿ."

"ಹತ್ತಕ್ಕೆ ಬಣ್ಣನೇ ಬಂದಿಲ್ವಲ್ಲ? ಬಂದಿಲ್ಲದ್ದ ಬಂತು ಅಂತ ಹೆಂಗ್ ಬರೀಲಿ?"

ಪರೀಕ್ಷಕರು ತಲೆ ಎತ್ತಿದರು. ನಾನು ಮುಂದಿನ ಮೇಜಿಗೆ ಹೋದೆ.

ಅವಳು ಹದಿಮೂರು ಪಾಯಿಂಟ್ ಆರು ಎಂದೇ ಬರೆದಳು. ಪರೀಕ್ಷಕರು ಅವಳ ಹಾಳೆ ಹಿಡಿದು ಎಲ್ಲರ ಮುಂದೆ ಕೇಳಿದರು, "ಹತ್ತೊಂಬತ್ತು ಜನಕ್ಕೆ ಹತ್ತು ಬಂದಿದೆ, ನಿನಗೊಬ್ಬಳಿಗೆ ಹದಿಮೂರೂವರೆ ಮೇಲೆ. ಕಣ್ಣು ತೋರಿಸ್ಕೊಂಡಿದ್ದೀಯಾ ಎಲ್ಲಾದರೂ?"

"ನನ್ ಫ್ಲಾಸ್ಕ್ ನೋಡಿ ಸಾರ್" ಎಂದಳು.

ಅವರು ನೋಡಲಿಲ್ಲ. ನಾನು ನೋಡಿದೆ. ಎಲ್ಲರೂ ಹೊರಟ ಮೇಲೆ ಫ್ಲಾಸ್ಕುಗಳನ್ನು ತೊಳೆಯಲು ತಟ್ಟೆಗೆ ಜೋಡಿಸುತ್ತಿದ್ದೆ. ಹತ್ತೊಂಬತ್ತು ಫ್ಲಾಸ್ಕುಗಳಲ್ಲಿ ಬರೀ ನೀರಿನ ಬಣ್ಣ. ಒಂದರಲ್ಲಿ ಮಾತ್ರ ತಿಳಿ ಗುಲಾಬಿ. ಹತ್ತೊಂಬತ್ತು ಮಕ್ಕಳು ನನ್ನ ಮಾತು ಕೇಳಿ ಹತ್ತಕ್ಕೆ ನಲ್ಲಿ ತಿರುಗಿಸಿ, ಬಣ್ಣ ಬಂತೋ ಇಲ್ಲವೋ ನೋಡದೆ ಬರೆದಿದ್ದರು.

ಬಾಗಿಲು ಹಾಕಿಕೊಂಡು, ಉಳಿದ ದ್ರಾವಣದಲ್ಲಿ ನಾನೇ ಟೈಟ್ರೇಶನ್ ಮಾಡಿದೆ. ಹತ್ತು ದಾಟಿತು, ಹನ್ನೆರಡು ದಾಟಿತು. ಬಣ್ಣ ನಿಂತಾಗ ಬಗ್ಗಿ ಓದಿದೆ. ಹದಿಮೂರು ಪಾಯಿಂಟ್ ಆರು.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಪರೀಕ್ಷಕರು ಇನ್ನೂ ಸ್ಟಾಫ್ ರೂಮಿನಲ್ಲಿ ಊಟ ಮಾಡುತ್ತಿದ್ದರು, ಕವರಿಗೆ ಮೊಹರು ಬಿದ್ದಿರಲಿಲ್ಲ. ನಾನು ಬಾಟಲಿಯಲ್ಲಿದ್ದದ್ದನ್ನೆಲ್ಲ ಸಿಂಕಿಗೆ ಸುರಿದು, ನಲ್ಲಿ ಬಿಟ್ಟೆ.

ಫಲಿತಾಂಶ ಬಂತು. ಬೇರೆ ಮಕ್ಕಳಿಗೆ ಪ್ರಾಯೋಗಿಕದಲ್ಲಿ ಮೂವತ್ತಕ್ಕೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಅವಳಿಗೆ ಹದಿನೈದು. ಸ್ವಲ್ಪ ದಿನಕ್ಕೆ ಗಫೂರ್ ಸಾಬರು ಬಂದರು. ಪ್ರಿನ್ಸಿಪಾಲರ ಹತ್ತಿರ ಹೋಗಲಿಲ್ಲ, ನೇರ ನನ್ನ ಹತ್ತಿರ. ಬಿಳಿ ಟೋಪಿ, ಶರ್ಟಿನ ಜೇಬಿನಲ್ಲಿ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ.

"ಶಿವಣ್ಣೋರೆ, ನೀವು ದಿನಾ ಈ ಮಕ್ಕಳ ಕೈ ನೋಡೋರು, ಅದ್ಕೆ ನಿಮ್ಮನ್ನೇ ಕೇಳ್ತೀನಿ. ಲ್ಯಾಬ್ ಕೋರ್ಸಿಗೆ ಸೇರ್ತೀನಿ ಅಂತಾಳೆ ಹುಡುಗಿ. ಮಾರ್ಕ್ಸು ನೋಡಿದ್ರೆ ಇಂಗೈತೆ. ನಂದು ತಪ್ಪಿಲ್ಲ ಅಬ್ಬಾ, ಬಾಟ್ಲೇ ತಪ್ಪಿತ್ತು ಅಂತಾಳೆ. ಬಾಟ್ಲು ತಪ್ಪಾಗೋದುಂಟಾ?"

"ಬಾಟ್ಲು ಯಾಕ್ ತಪ್ಪಾಯ್ತದೆ ಸಾಬ್ರೆ? ಹತ್ತೊಂಬತ್ತು ಮಕ್ಕಳಿಗೆ ಸರಿ ಬಂದದಲ್ಲ."

"ಅಂಗಾರೆ?"

ಅಲ್ಲಿಗೆ ಸುಮ್ಮನಾಗಬಹುದಿತ್ತು. ಅವಳು ಈ ಮಾತನ್ನು ಎಲ್ಲ ಕಡೆ ಹೇಳುತ್ತಾ ಹೋದರೆ ಒಂದು ದಿನ ಯಾರಾದರೂ ನನ್ನನ್ನು ಕರೆಸಿ ಕೇಳುತ್ತಾರೆ ಎಂಬ ಹೆದರಿಕೆ. ಆದ್ದರಿಂದ ಇನ್ನೂ ಒಂದು ಮಾತು ಸೇರಿಸಿದೆ.

"ಹುಡುಗಿ ಬುದ್ಧಿವಂತೆ. ಆದ್ರೆ ಕೈ ವಸಿ ನಡುಗ್ತದೆ ಸಾಬ್ರೆ. ಲ್ಯಾಬು ಬ್ಯಾಡ. ಆರ್ಟ್ಸಿಗೆ ಹಾಕಿ."

"ಒಳ್ಳೇದು ಹೇಳಿದ್ರಿ" ಎಂದು ಕೈ ಮುಗಿದು ಹೋದರು. ತಬಸ್ಸುಮ್ ಬಿ.ಎ.ಗೆ ಸೇರಿದಳು ಎಂದು ಆಮೇಲೆ ಕೇಳಿದೆ.

ಮುಂದೆ ಕೆ.ಆರ್. ಪೇಟೆಗೆ ವರ್ಗವಾಯಿತು. ಅಲ್ಲಿ ರಸಾಯನಶಾಸ್ತ್ರಕ್ಕೆ ಇದ್ದವರು ಒಬ್ಬ ಮೇಡಂ, ನನಗಿಂತ ಬಹಳ ಚಿಕ್ಕವರು. ಮೊದಲ ದಿನವೇ ಹೇಳಿದರು, "ಶಿವಣ್ಣ, ಪರೀಕ್ಷೇಲಿ ಮಕ್ಕಳಿಗೆ ರೀಡಿಂಗ್ ಹೇಳಿದ್ದು ಗೊತ್ತಾದರೆ ನಾನೇ ಮೇಲಿನವರಿಗೆ ಬರೆದು ಕಳಿಸ್ತೀನಿ. ಮತ್ತೆ, ಲೆಕ್ಕ ಮಾಡದೆ ನನ್ನ ಲ್ಯಾಬಲ್ಲಿ ಯಾರೂ ತೂಗೋ ಹಾಗಿಲ್ಲ. ನೀವೂ."

"ನಂಗೆ ಲೆಕ್ಕ ಬರಾಕಿಲ್ಲ ಮೇಡಂ. ಆಕ್ಸಾಲಿಕ್ ಆರು ಪಾಯಿಂಟ್ ಮೂರು, ಅಷ್ಟು ಗೊತ್ತು."

"ಯಾಕೆ ಆರು ಪಾಯಿಂಟ್ ಮೂರು?"

ನಾನು ಹಿಂದೊಮ್ಮೆ ಕೇಳಿದ ಪ್ರಶ್ನೆಯನ್ನು ಈಗ ನನಗೇ ಕೇಳಿದರು. ಅವರೇ ಶುರು ಮಾಡಿದರು.

"ನಿಮ್ಮ ಕಡೆ ತೆಂಗಿನಕಾಯಿ ಎಣಿಸಿ ಕೊಡ್ತಾರಾ, ತೂಗಿ ಕೊಡ್ತಾರಾ?"

"ತೋಟದಲ್ಲಿ ಎಣಿಸ್ತಾರೆ. ಲಾರಿ ತುಂಬಿದ ಮೇಲೆ ಯಾರ್ ಎಣಿಸ್ತಾರೆ, ತೂಗ್ತಾರೆ."

"ತೂಗಿ ಎಷ್ಟು ಕಾಯಿ ಅಂತ ಹೇಳಬಹುದಾ?"

"ಒಂದ್ ಕಾಯಿ ಎಷ್ಟು ತೂಗ್ತದೆ ಅಂತ ಗೊತ್ತಿದ್ರೆ ಹೇಳ್ಬಹುದು."

"ಅಷ್ಟೇ ಮೋಲ್ ಅಂದ್ರೆ. ನಾವು ಎಣಿಸ್ತಾ ಇದ್ದೀವಿ. ಕಣಗಳು ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ಅದಕ್ಕೆ ತೂಗಿ ಎಣಿಸ್ತೀವಿ. ಡಜನ್ ಅಂದರೆ ಹನ್ನೆರಡು, ಹಾಗೆ ಮೋಲ್ ಅಂದರೆ ಒಂದು ದೊಡ್ಡ ಎಣಿಕೆ. ಆಕ್ಸಾಲಿಕ್ ಹರಳು ನೂರಿಪ್ಪತ್ತಾರು ಗ್ರಾಂ ತೂಗಿದರೆ ಅದರಲ್ಲಿ ಒಂದು ಮೋಲ್ ಕಣ ಇರ್ತವೆ. ನಮಗೆ ಲೀಟರಿಗೆ ಒಂದು ಮೋಲಿನ ಇಪ್ಪತ್ತನೇ ಒಂದು ಭಾಗ ಸಾಕು. ಭಾಗಿಸಿ ನೋಡಿ."

ಭಾಗಿಸಿದೆ. ಆರು ಪಾಯಿಂಟ್ ಮೂರು! ನನ್ನ ತಲೆಯಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಬಿದ್ದಿದ್ದ ಅಂಕಿ ಎದ್ದು ಕೂತ ಹಾಗಾಯಿತು. ಅಂದರೆ ಗಾಜಿನ ಪೆಟ್ಟಿಗೆಯ ಮುಂದೆ ಉಸಿರು ಹಿಡಿದು ನಾನು ಇಷ್ಟು ವರ್ಷ ಎಣಿಸುತ್ತಿದ್ದೆ! ಆ ವಾರವೆಲ್ಲ ಬೀರು ತೆಗೆದು ಒಂದೊಂದು ಬಾಟಲಿಯ ಮೇಲೆ ಅಚ್ಚು ಹಾಕಿದ್ದ ತೂಕ ಓದಿ ಭಾಗಿಸಿದೆ. ಪರ್ಮಾಂಗನೇಟ್ ನೂರೈವತ್ತೆಂಟು, ಐವತ್ತರಿಂದ ಭಾಗಿಸಿದರೆ ಮೂರು ಪಾಯಿಂಟ್ ಒಂದು ಆರು. ಪುಟ್ಟಸ್ವಾಮಣ್ಣನ ಬಾಗಿಲಿನ ಅಂಕಿಗಳೆಲ್ಲ ಒಂದೊಂದಾಗಿ ಬಂದು ಸರಿಹೋದವು. ಆ ವಯಸ್ಸಿನಲ್ಲಿ ನನಗೆ ಅಂಥ ಸಂತೋಷ ಬೇರೆ ಯಾವುದರಲ್ಲೂ ಆಗಿರಲಿಲ್ಲ.

ಆ ಸಂತೋಷದ ಮಧ್ಯೆಯೇ ಕೇಳಿದೆ. "ಮೇಡಂ, ಆ ಹರಳ ಹುರಿದುಬಿಟ್ರೆ ಏನಾಯ್ತದೆ?"

"ಅಯ್ಯೋ, ಹುರೀಬಾರದು. ಹರಳಿನ ಒಳಗೆ ಪ್ರತಿ ಕಣಕ್ಕೂ ಎರಡೆರಡು ನೀರು ಕಟ್ಟಿಕೊಂಡಿರುತ್ತೆ. ಹೊರಗಿನ ಒದ್ದೆ ಅಲ್ಲ, ಅದರ ಮೈಯೊಳಗಿನ ನೀರು. ನೂರಿಪ್ಪತ್ತಾರರಲ್ಲಿ ಮೂವತ್ತಾರು ನೀರೇ. ಹುರಿದರೆ ಅದು ಹೊರಟುಹೋಗುತ್ತೆ, ತೊಂಬತ್ತು ಉಳಿಯುತ್ತೆ. ಸಿಪ್ಪೆ ಸಮೇತ ಇರೋ ಕಾಯಿ ಒಂದು ಕ್ವಿಂಟಾಲು ತೂಗೋದಕ್ಕೂ, ಸುಲಿದ ಕಾಯಿ ಒಂದು ಕ್ವಿಂಟಾಲು ತೂಗೋದಕ್ಕೂ ಒಂದೇ ಎಣಿಕೆ ಬರುತ್ತಾ?"

"ಸುಲಿದದ್ದು ಜಾಸ್ತಿ ಕಾಯಿ ಬರ್ತದೆ."

"ಅದೇ. ಹುರಿದದ್ದನ್ನು ಆರು ಪಾಯಿಂಟ್ ಮೂರು ತೂಗಿದರೆ ಕಣ ಜಾಸ್ತಿ, ಬ್ಯೂರೆಟ್ ಓದು ಹತ್ತರ ಬದಲು ಹದಿನಾಲ್ಕು ಬರುತ್ತೆ. ಯಾಕೆ ಕೇಳಿದ್ರಿ?"

"ಸುಮ್ಕೆ ಮೇಡಂ" ಎಂದೆ.

ಹದಿನಾಲ್ಕು. ಆದರೆ ಬಂದದ್ದು ಹದಿಮೂರು ಪಾಯಿಂಟ್ ಆರು. ಆ ಪಾಯಿಂಟ್ ನಾಲ್ಕು ಎಲ್ಲಿ ಹೋಯಿತು ಎನ್ನುವುದು ನನ್ನನ್ನು ಬಿಡಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹನ್ನೆರಡು ಪಾಯಿಂಟ್ ಆರು ಗ್ರಾಂ ಹರಳು ತೂಗಿ, ಆವತ್ತಿನ ಹಾಗೆಯೇ ಪಿಂಗಾಣಿ ಬಟ್ಟಲಿನಲ್ಲಿ, ಅದೇ ಬಿಳುಪು ಬರುವವರೆಗೆ ಹುರಿದು ಮತ್ತೆ ತೂಗಿದೆ. ನೀರೆಲ್ಲ ಹೋಗಿದ್ದರೆ ಒಂಬತ್ತು ಗ್ರಾಂ ಉಳಿಯಬೇಕು. ಒಂಬತ್ತೂಕಾಲು ಗ್ರಾಂ ಉಳಿದಿತ್ತು. ನಾನು ಪೂರ್ತಿ ಒಣಗಿಸಿರಲಿಲ್ಲ, ಒಂದಿಷ್ಟು ನೀರು ಒಳಗೇ ಉಳಿದಿತ್ತು. ಆ ಒಂಬತ್ತೂಕಾಲನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಓದು ಎಷ್ಟು ಬರುತ್ತದೆ? ಹದಿಮೂರು ಪಾಯಿಂಟ್ ಆರು.

ಎರಡು ಹನಿ ಹೆಚ್ಚು ಕಡಿಮೆಯಾದರೂ ಕಂಡುಹಿಡಿಯುತ್ತಿದ್ದ ಹುಡುಗಿ ಅವಳು. ನಾನು ಎಷ್ಟು ಅರೆಬರೆ ಹುರಿದಿದ್ದೆ ಎನ್ನುವುದನ್ನೂ ಅವಳ ಕಣ್ಣು ಸರಿಯಾಗಿ ಓದಿತ್ತು.

ಗೊತ್ತಾದ ಮೇಲೂ ನಾನು ಹೋಗಲಿಲ್ಲ. ಕೆಲಸಕ್ಕೆ ತೊಂದರೆ ಎಂದು ಹೇಳಿಕೊಂಡೆ. ಅವಳು ಮರೆತಿರುತ್ತಾಳೆ ಎಂದು ಹೇಳಿಕೊಂಡೆ. ನಿವೃತ್ತಿಯಾದ ಮೇಲೆ ಕೆಲಸದ ನೆಪವೂ ಹೋಯಿತು. ಸಂಜೆ ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟದ ಬೆಟ್ಟದ ಮೆಟ್ಟಿಲು ಹತ್ತಿ ಕೂತರೆ ಬೇರೆ ಏನೂ ನೆನಪಾಗುತ್ತಿರಲಿಲ್ಲ. ಹೋದ ವರ್ಷ ಒಂದು ದಿನ ನಾಗಮಂಗಲಕ್ಕೆ ಹೋಗಿ ವಾಚಿನ ಅಂಗಡಿ ಕೇಳಿದೆ. ಅವರು ಬೆಳ್ಳೂರು ಕ್ರಾಸಿಗೆ ಹೋಗಿ ಬಹಳ ದಿನವಾಯಿತು ಎಂದರು. ಇನ್ನೊಂದು ಬಸ್ಸು ಹತ್ತಿದೆ.

ಹೆದ್ದಾರಿಯ ಪಕ್ಕದ ಹೋಟೆಲುಗಳ ಸಾಲಿನಲ್ಲಿ ಅಂಗಡಿ. ಮುಂದೆ ಮೊಬೈಲ್ ಕವರು, ಚಾರ್ಜರು. ಒಳಗೆ ಗಾಜಿನ ಪೆಟ್ಟಿಗೆಯ ಹಿಂದೆ ಗಫೂರ್ ಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚೊಂದರ ಮೇಲೆ ಬಗ್ಗಿದ್ದರು. ಗಡ್ಡ ಪೂರಾ ಬಿಳಿಯಾಗಿತ್ತು. ಮುಂದಿನ ಕೌಂಟರಿನಲ್ಲಿದ್ದ ಹೆಂಗಸು ನನ್ನನ್ನೇ ನೋಡಿದಳು.

"ಲ್ಯಾಬ್ ಅಣ್ಣ ಅಲ್ವಾ ನೀವು?"

ಸ್ಟೂಲು ಕೊಟ್ಟಳು, ಟೀ ತರಿಸಿದಳು. ಟೀ ಕುಡಿದರೆ ಹೇಳಲು ಆಗುವುದಿಲ್ಲ ಎಂದು ಲೋಟ ಕೆಳಗಿಟ್ಟು, ಹುರಿದದ್ದು, ತೂಗಿದ್ದು, ನೋಡದೆ ಹತ್ತು ಎಂದದ್ದು, ಸಿಂಕಿಗೆ ಸುರಿದದ್ದು ಎಲ್ಲ ಹೇಳಿದೆ. ಅವಳು ಒಂದು ಬಿಲ್ಲಿನ ಹಿಂಭಾಗಕ್ಕೆ ಪೆನ್ನು ಇಟ್ಟು ಏನೋ ಬರೆಯತೊಡಗಿದಳು.

"ಆರು ಪಾಯಿಂಟ್ ಮೂರು ಭಾಗಿಸು ತೊಂಬತ್ತು... ಪಾಯಿಂಟ್ ಸೊನ್ನೆ ಏಳು. ಹದಿನಾಲ್ಕು ಬರ್ಬೇಕಲ್ಲ ಅಣ್ಣ? ನಂಗೆ ಹದಿಮೂರು ಪಾಯಿಂಟ್ ಆರು ಬಂದಿತ್ತು."

"ಇನ್ನೂ ನೆನಪದಾ?"

"ಹೆಂಗ್ ಮರೀಲಿ? ಮಗನಿಗೆ ಲೆಕ್ಕ ಹೇಳಿಕೊಡೋವಾಗೆಲ್ಲ ಒಂದ್ಸಲ ಮಾಡಿ ನೋಡ್ತೀನಿ. ಎಲ್ಲಿ ತಪ್ಪಿದ್ದೆ ಅಂತ ಸಿಗ್ತಾನೇ ಇರ್ಲಿಲ್ಲ."

"ಪೂರ್ತಿ ಒಣಗಿರ್ಲಿಲ್ಲ ಕಣವ್ವ. ನಾನ್ ತಿರ್ಗ ಹುರಿದು ತೂಗಿ ನೋಡಿವ್ನಿ. ಹದಿಮೂರು ಪಾಯಿಂಟ್ ಆರೇ ಬರ್ಬೇಕು."

ಅವಳು ಪೆನ್ನು ಕೆಳಗಿಟ್ಟಳು. "ಅಂಗಾರೆ ನಾನ್ ಓದಿದ್ದು ಸರಿಯಾಗಿತ್ತು."

"ಸರಿಯಾಗಿತ್ತು."

ಇಷ್ಟಕ್ಕೇ ಎದ್ದು ಬರಬಹುದಿತ್ತು. ಅವಳ ಮುಖ ಅರಳಿತ್ತು, ನನ್ನ ಮೇಲೆ ಕೋಪವೂ ಕಾಣಲಿಲ್ಲ. ಆದರೆ ಇನ್ನೊಂದು ಮಾತು ಅವಳಿಗೆ ಗೊತ್ತೇ ಇರಲಿಲ್ಲ.

"ನಿಮ್ಮ ತಂದೆಯೋರು ಆವತ್ತು ನನ್ ಹತ್ರ ಬಂದಿದ್ರು. ನಿನ್ ಕೈ ನಡುಗ್ತದೆ, ಲ್ಯಾಬು ಬ್ಯಾಡ ಅಂತ ನಾನೇ ಅಂದೆ. ಅಂಗೇನೂ ಇರ್ಲಿಲ್ಲ. ಸುಳ್ಳು ಹೇಳ್ದೆ."

ಒಳಗೆ ಚಿಮಟ ಗಾಜಿನ ಮೇಲೆ ಇಟ್ಟ ಸದ್ದಾಯಿತು. ಸಾಬರು ಕಣ್ಣಿನಿಂದ ಭೂತಗನ್ನಡಿ ತೆಗೆದು ನನ್ನನ್ನು ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆವತ್ತು ಮನೆಗೆ ಹೋಗಿ ಇವಳ ಕೈ ಚಾಚಿಸಿ ನೋಡ್ದೆ ಸಾರ್" ಎಂದರು ನಿಧಾನವಾಗಿ. "ನಡುಗ್ಲಿಲ್ಲ. ಒಂದು ಲೇಡೀಸ್ ವಾಚು ಕೊಟ್ಟೆ, ಬ್ಯಾಲೆನ್ಸ್ ಚಕ್ರ ಕೂರ್ಸು ಅಂದೆ. ಒಂದೇ ಸಲಕ್ಕೆ ಕೂರ್ಸಿದ್ಲು. ಆದ್ರೂ ಕಾಲೇಜಿನೋರು ಹೇಳವ್ರೆ, ನನ್ ಕಣ್ಣಿಗೆ ಕಾಣ್ದೇ ಇರೋದು ಅವ್ರಿಗೆ ಕಂಡಿರ್ತದೆ ಅಂದ್ಕೊಂಡೆ. ಆವತ್ತಿಂದ ಗಿರಾಕಿ ವಾಚು ಇವಳ ಕೈಗೆ ಕೊಟ್ಟಿಲ್ಲ."

ತಬಸ್ಸುಮ್ ಅಪ್ಪನ ಕಡೆ ತಿರುಗಿದಳು.

"ಅದ್ಕಾ ಅಬ್ಬಾ?"

ಅವರು ಭೂತಗನ್ನಡಿಯನ್ನು ಪೆಟ್ಟಿಗೆಯ ಮೇಲಿಟ್ಟರು.

"ನಾನು ದೊಡ್ಡೋಳಾದೆ, ಮದುವೆ ವಯಸ್ಸು ಬಂತು, ಇನ್ ವಾಚಿನ ಕೆಲ್ಸ ಮಾಡ್ಬಾರ್ದು ಅಂತ ಇರ್ಬೇಕು ಅಂದ್ಕೊಂಡಿದ್ದೆ. ಇಷ್ಟ್ ವರ್ಷ ಅಂಗೇ ಅಂದ್ಕೊಂಡಿದ್ದೆ."

ಗಫೂರ್ ಸಾಬರು ಕೂತಲ್ಲಿಂದಲೇ ಮಗಳ ಎರಡೂ ಕೈಗಳನ್ನು ಹಿಡಿದುಕೊಂಡರು. "ಮಾಫ್ ಕರ್ ಬೇಟಾ" ಎಂದರು.

ನಾನು ಸ್ಟೂಲಿನ ಮೇಲೆ ಹಾಗೇ ಕೂತಿದ್ದೆ. ಕ್ಷಮೆ ಕೇಳಲು ಹೋದವನು ನಾನು. ಆ ಮಾತು ನನ್ನ ಬಾಯಿಗೆ ಬರುವ ಮೊದಲೇ ಕ್ಷಮೆ ಕೇಳಿದವರು, ನನ್ನ ಮಾತು ನಂಬಿದ್ದು ಬಿಟ್ಟರೆ ಬೇರೆ ಯಾವ ತಪ್ಪನ್ನೂ ಮಾಡದಿದ್ದ ಆ ಮುದುಕರು.